ಹಳ್ಳಕ್ಕೆ ಬಡಿಸಿದ ಎಲೆ

"ಸ್ವಾಮಿ, ಎಲೆ ನಡೀತಾ ಇದೆ!"

ಹೀಗೆ ಕೂಗಿದವಳು ನಮ್ಮ ಧರ್ಮೋಪದೇಶ ತರಗತಿಯ ಹುಡುಗಿ. ಆ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಕ್ಕಳನ್ನು ದೇವಾಲಯದ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋಗಿದ್ದೆವು. ಅಂದಿನ ಪಾಠ ಸೃಷ್ಟಿಯದು. ಕೋಣೆಯೊಳಗೆ ಕೂರಿಸಿ ಆದಿಕಾಂಡದ ಆರು ದಿನಗಳನ್ನು ಬಾಯಿಪಾಠ ಮಾಡಿಸುವ ಬದಲು ನೀರು, ಕಲ್ಲು, ಗಿಡ, ಹಕ್ಕಿಗಳನ್ನೇ ತೋರಿಸೋಣ ಎಂದುಕೊಂಡಿದ್ದೆವು. ಹತ್ತಿರ ಹೋಗಿ ನೋಡಿದರೆ ನಿಜವಾಗಿಯೂ ಎಲೆಯ ತುಣುಕೊಂದು ನೀರಿನ ತಳದ ಕಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದೂ ನೀರು ಹರಿಯುವ ಕಡೆಗಲ್ಲ, ಹರಿವಿಗೆ ಎದುರಾಗಿ. ಅಂಗೈಗೆ ತೆಗೆದುಕೊಂಡಾಗ ಗುಟ್ಟು ತಿಳಿಯಿತು. ಎಲೆಯಿಂದ ಅಂಡಾಕಾರವಾಗಿ ಕತ್ತರಿಸಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿಕೊಂಡು, ಅವುಗಳ ನಡುವೆ ಒಂದು ಹುಳು ವಾಸವಾಗಿತ್ತು. ಪುಟ್ಟ ತಲೆ, ಆರು ಕಾಲು ಹೊರಗೆ ಬಂದವು. ನಮ್ಮನ್ನು ನೋಡಿ ಮತ್ತೆ ಒಳಗೆ ಹೋದವು.

ಮಕ್ಕಳು ಅರ್ಧ ಗಂಟೆ ಅದನ್ನೇ ಹುಡುಕಿದರು. ಹೊಂಗೆ, ಹೊಳೆಮತ್ತಿಗಳ ನೆರಳಿದ್ದ ಕಡೆ ಹತ್ತಾರು ಸಿಕ್ಕವು. ಕೆಳಗೆ, ದಡದುದ್ದಕ್ಕೂ ನೀಲಗಿರಿ ಮರಗಳು ನಿಂತಿರುವಲ್ಲಿ ಒಂದೂ ಸಿಗಲಿಲ್ಲ. ಅದೇ ಹುಡುಗಿ ಕೇಳಿದಳು: "ಆ ಮರದ ಕೆಳಗೆ ಯಾಕೆ ಇಲ್ಲ, ಸ್ವಾಮಿ?"

ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು, ಕೀಟಶಾಸ್ತ್ರ ಕಲಿಸಲಿಲ್ಲ. ಗೊತ್ತಿಲ್ಲ ಮಗಳೇ, ತಿಳಿದುಕೊಂಡು ಹೇಳುತ್ತೇವೆ ಎಂದೆವು. ಆದರೆ ಆ ಪ್ರಶ್ನೆ ನಮ್ಮನ್ನು ಚುಚ್ಚಿದ್ದಕ್ಕೆ ಬೇರೊಂದು ಕಾರಣವಿತ್ತು. ಆ ನೀಲಗಿರಿ ಸಾಲನ್ನು ನೆಟ್ಟವರು ನಾವೇ. ಗುರುದೀಕ್ಷೆಯಾದ ಹೊಸದರಲ್ಲಿ ಇದೇ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಬಂದಿದ್ದಾಗ, ಒಂದು ಜೂನ್ 5ರ ಪರಿಸರ ದಿನದಂದು ಯುವಜನ ಸಂಘದವರನ್ನು ಕಟ್ಟಿಕೊಂಡು ಗುಂಡಿ ತೋಡಿ ನೆಟ್ಟಿದ್ದೆವು. ಹಸಿರು ಎಂದರೆ ಹಸಿರು, ಮರ ಎಂದರೆ ಮರ ಎಂಬುದು ಆಗಿನ ನಮ್ಮ ತಿಳಿವಳಿಕೆ. ಬೇಗ ಬೆಳೆಯುತ್ತದೆ, ದನ ಮೇಯುವುದಿಲ್ಲ, ಮುಂದೆ ಗಳ ಮಾರಿದರೆ ದೇವಾಲಯಕ್ಕೂ ನಾಲ್ಕು ಕಾಸು. ಈಗ ಅದೇ ಧರ್ಮಕೇಂದ್ರಕ್ಕೆ ಗುರುವಾಗಿ ಮರಳಿ ಬಂದಿದ್ದೇವೆ. ಮರಗಳೂ ಬೆಳೆದು ನಿಂತಿವೆ.

ಹಳ್ಳದ ಊಟ ಎಲ್ಲಿಂದ ಬರುತ್ತದೆ ಎಂಬುದರಿಂದ ಆರಂಭಿಸೋಣ. ಬಯಲಿನ ಕೆರೆಯಲ್ಲಿ ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಅದನ್ನು ತಿಂದು ಉಳಿದ ಜೀವಿಗಳು ಬದುಕುತ್ತವೆ. ಕಾಡಿನೊಳಗಿನ ಹಳ್ಳಕ್ಕೆ ಆ ಅನುಕೂಲವಿಲ್ಲ. ಮೇಲೆ ಮರಗಳ ಚಪ್ಪರ, ಕೆಳಗೆ ಕತ್ತಲು. ಅಲ್ಲಿ ಪಾಚಿ ಕಡಿಮೆ. ಹಾಗಾಗಿ ಹಳ್ಳ ತನ್ನ ಅನ್ನಕ್ಕೆ ಮರಗಳನ್ನೇ ಆಶ್ರಯಿಸುತ್ತದೆ. ಮರ ಬೇಡವೆಂದು ಉದುರಿಸಿದ ಎಲೆಯೇ ಅದರ ಮುಖ್ಯ ಆಹಾರ. ಮದುವೆ ಮನೆಯಲ್ಲಿ ನಾವು ಎಲೆಯ ಮೇಲೆ ಬಡಿಸುತ್ತೇವೆ. ಹಳ್ಳಕ್ಕೆ ಎಲೆಯನ್ನೇ ಬಡಿಸಲಾಗುತ್ತದೆ.

ಬಿದ್ದ ಎಲೆಯನ್ನು ಹುಳುಗಳು ಕೂಡಲೇ ತಿನ್ನುವುದಿಲ್ಲ. ಮೊದಲ ಒಂದೆರಡು ದಿನ ಎಲೆಯೊಳಗಿನ ಸಕ್ಕರೆ, ಉಪ್ಪು, ಬಣ್ಣಗಳು ನೀರಿಗೆ ಇಳಿಯುತ್ತವೆ, ಚಹಾ ಸೊಪ್ಪನ್ನು ನೀರಿಗೆ ಹಾಕಿದ ಹಾಗೆ. ನಂತರ ಬೂಷ್ಟಿನ ಸರದಿ. ಮನೆಯ ಗೋಡೆಗೆ, ಹಳೆಯ ಬ್ರೆಡ್ಡಿಗೆ ಹಿಡಿಯುವ ಬೂಷ್ಟಲ್ಲ. ಹರಿಯುವ ನೀರಿನಲ್ಲೇ ಬದುಕುವ ಬೇರೊಂದು ಜಾತಿಯ ಶಿಲೀಂಧ್ರ. ಇಂಗ್ಲೆಂಡಿನ ಇಂಗೋಲ್ಡ್ ಎಂಬ ವಿಜ್ಞಾನಿ 1942ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಲೋಕದ ಗಮನ ಇತ್ತ ಹರಿಯಿತು. ಇವುಗಳಲ್ಲಿ ಹಲವಕ್ಕೆ ನಾಲ್ಕು ಕೈಗಳ ಬೀಜಕಣಗಳಿವೆ. ಹಡಗಿನ ಲಂಗರಿನಂತೆ ಅವು ಎಲೆಗೆ ಸಿಕ್ಕಿಕೊಳ್ಳುತ್ತವೆ. ಹಳ್ಳದಲ್ಲಿ ಕಲ್ಲಿನ ಪಕ್ಕ ಬಿಳಿ ನೊರೆ ಕಟ್ಟಿರುವುದನ್ನು ನೋಡಿರುತ್ತೀರಿ, ಅದರಲ್ಲಿ ಇವು ಸಾವಿರಗಟ್ಟಲೆ ಸಿಕ್ಕಿಬಿದ್ದಿರುತ್ತವೆ. ನಮ್ಮವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು 1980ರ ದಶಕದಿಂದಲೇ ಪಶ್ಚಿಮ ಘಟ್ಟದ ತೊರೆಗಳ ಈ ಶಿಲೀಂಧ್ರಗಳನ್ನು ಅಧ್ಯಯನ ಮಾಡುತ್ತಾ ಬಂದಿದ್ದಾರೆ.

ಈ ಶಿಲೀಂಧ್ರದ ಎಳೆಗಳು ಎಲೆಯೊಳಗೆ ಹೊಕ್ಕು ಅದನ್ನು ಮೆತ್ತಗೆ ಮಾಡುತ್ತವೆ. ಅಷ್ಟೇ ಅಲ್ಲ, ಕೆನಡಾದಲ್ಲಿ ಕೌಶಿಕ್ ಮತ್ತು ಹೈನ್ಸ್ ಎಂಬ ಇಬ್ಬರು ವಿಜ್ಞಾನಿಗಳು 1971ರಲ್ಲಿ ತೋರಿಸಿಕೊಟ್ಟಂತೆ, ಸತ್ತ ಎಲೆಯಲ್ಲಿ ಪ್ರೋಟೀನಿನ ಅಂಶ ಕೊಳೆಯುತ್ತಾ ಹೋದಂತೆ ಹೆಚ್ಚುತ್ತದೆ. ಬರೀ ಅಕ್ಕಿ ಉದ್ದಿಗೂ ರಾತ್ರಿಯಿಡೀ ಹುದುಗು ಬಂದ ದೋಸೆ ಹಿಟ್ಟಿಗೂ ಇರುವ ವ್ಯತ್ಯಾಸ ನಮ್ಮ ಅಮ್ಮಂದಿರಿಗೆ ಗೊತ್ತು. ಎಲೆಗೂ ಹೀಗೆ ಹುದುಗು ಬರಬೇಕು. ಬಂದ ಮೇಲೆಯೇ ಹುಳುಗಳು ಊಟಕ್ಕೆ ಕೂರುವುದು.

ಆ ಭಾನುವಾರ ನಾವು ಕಂಡದ್ದು ಕ್ಯಾಡಿಸ್ ಎಂಬ ಕೀಟದ ಮರಿಹುಳು. ರೇಷ್ಮೆ ಹುಳುವಿನ ದೂರದ ನೆಂಟ. ಅದರಂತೆಯೇ ಬಾಯಿಂದ ನೂಲು ತೆಗೆಯುತ್ತದೆ, ಆ ನೂಲಿನಿಂದಲೇ ಎಲೆ ಅಂಟಿಸಿ ಮನೆ ಕಟ್ಟುತ್ತದೆ. ಇದಲ್ಲದೆ ಕಲ್ಲುಗಳ ಸಂದಿಯಲ್ಲಿರುವ ಸ್ಟೋನ್‌ಫ್ಲೈ ಮರಿಗಳು, ಉದ್ದುದ್ದ ಕಾಲಿನ ಕ್ರೇನ್‌ಫ್ಲೈ ನೊಣದ ಹುಳುಗಳು ಹೀಗೆ ಎಲೆ ತಿನ್ನುವವರ ಪಂಗಡವೇ ಇದೆ. ಇವು ಅಗಿಯುವಾಗ ಉದುರುವ ಚೂರು ಮತ್ತು ಹಿಕ್ಕೆ ನೀರಿನಲ್ಲಿ ತೇಲಿ ಕೆಳಗೆ ಹೋಗುತ್ತವೆ. ಅಲ್ಲಿ ಬಲೆ ಕಟ್ಟಿ, ಕುಂಚದಂಥ ಬಾಯಿ ಚಾಚಿ ಕಾಯುತ್ತಿರುವ ಬೇರೆ ಹುಳುಗಳಿಗೆ ಅದೇ ಊಟ. ಇವರೆಲ್ಲರನ್ನು ಹಿಡಿದು ತಿನ್ನಲು ಏರೋಪ್ಲೇನ್ ಚಿಟ್ಟೆಯ ಮರಿಗಳು, ಮೀನುಗಳು. ಕಡೆಗೆ ಹುಳುಗಳಿಗೆ ರೆಕ್ಕೆ ಬಂದು ನೀರಿನಿಂದ ಮೇಲೇಳುವ ಹೊತ್ತಿಗೆ ಜೇಡ, ಕಪ್ಪೆ, ಬಾವಲಿ, ಹಕ್ಕಿಗಳು ಸಿದ್ಧವಾಗಿರುತ್ತವೆ. ಐದು ರೊಟ್ಟಿಯ ಅದ್ಭುತದ ಕೊನೆಯಲ್ಲಿ ಪ್ರಭು ಯೇಸು ಉಳಿದ ತುಣುಕುಗಳನ್ನು ಕೂಡಿಸಲು ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಓದುತ್ತೇವೆ. ಹನ್ನೆರಡು ಬುಟ್ಟಿ ತುಂಬಿದವು. ನಮ್ಮ ಹಳ್ಳದಲ್ಲಿ ತುಣುಕು ಕೂಡಿಸುವ ಕೆಲಸ ಎಡೆಬಿಡದೆ ನಡೆಯುತ್ತಿರುತ್ತದೆ. ನಾವು ಮಾತ್ರ ಅದನ್ನು ಕೊಳೆ ಎಂದು ನೋಡಿ ಮೂಗು ಮುಚ್ಚಿಕೊಳ್ಳುತ್ತೇವೆ.

ಇನ್ನು ಹುಡುಗಿಯ ಪ್ರಶ್ನೆ. ನಮ್ಮ ಪರಿಚಯದ ಜೀವಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕೇಳಿದಾಗ ಅವರು, "ಇದಕ್ಕೆ ಉತ್ತರ ಬೇಕಾದರೆ ಪೋರ್ಚುಗಲ್‌ಗೆ ಹೋಗಬೇಕು ಫಾದರ್" ಎಂದು ನಕ್ಕು, ಓದಲು ಒಂದಷ್ಟು ಕಾಗದ ಕೊಟ್ಟರು. ಪೋರ್ಚುಗಲ್ ಎಂದರೆ ನಮಗೆ ಫಾತಿಮಾ ಮಾತೆಯ ನಾಡು. ಅಲ್ಲಿನ ಕೊಯಿಂಬ್ರಾ ಪಟ್ಟಣವೂ ನಮಗೆ ಹೊಸದಲ್ಲ. ಸಂತ ಅಂತೋಣಿಯವರು ಓದಿದ್ದು, 1220ರಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದ್ದು ಅಲ್ಲಿಯೇ. ಫಾತಿಮಾದ ಸಿಸ್ಟರ್ ಲೂಸಿಯಾ 2005ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ಆ ಊರಿನ ಕಾರ್ಮೆಲ್ ಮಠದಲ್ಲಿ. ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಹಳ್ಳದ ಹುಳುಗಳಿಗೆ ನೀಲಗಿರಿ ಎಲೆ ತಿನ್ನಿಸಿ ನೋಡಿದವರಿದ್ದಾರೆ ಎಂಬುದು ಮಾತ್ರ ಹೊಸ ಸುದ್ದಿ.

ಪೋರ್ಚುಗಲ್‌ನಲ್ಲಿ ಕಾಗದದ ಕಾರ್ಖಾನೆಗಳಿಗಾಗಿ ನೀಲಗಿರಿಯನ್ನು ವಿಪರೀತವಾಗಿ ಬೆಳೆಸಿದ್ದಾರೆ. ಆ ದೇಶದ ಅರಣ್ಯದಲ್ಲಿ ಸುಮಾರು ಕಾಲು ಭಾಗ ಈಗ ನೀಲಗಿರಿಯೇ. ಕೊಯಿಂಬ್ರಾದ ಕನ್ಯೋತೊ ಮತ್ತು ಗ್ರಾಸಾ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೇನ್‌ಫ್ಲೈ ಹುಳುಗಳ ಮುಂದೆ ಅಲ್ಲಿನ ಮರಗಳಾದ ಆಲ್ಡರ್, ಚೆಸ್ಟ್‌ನಟ್, ಓಕ್‌ಗಳ ಎಲೆಯನ್ನೂ ನೀಲಗಿರಿ ಎಲೆಯನ್ನೂ ಇಟ್ಟರು. ಹೊಳೆದಡದ ಆಲ್ಡರ್ ಎಲೆಯನ್ನು ಹುಳುಗಳು ಇಷ್ಟಪಟ್ಟು ತಿಂದು ಬೆಳೆದವು. ನೀಲಗಿರಿ ಎಲೆ ಅವಕ್ಕೆ ಹಿಡಿಸಲಿಲ್ಲ, ಮೈಗೂ ಹತ್ತಲಿಲ್ಲ.

ಕಾರಣ ಹುಡುಕಿದ್ದು ಇನ್ನೂ ಸ್ವಾರಸ್ಯವಾಗಿದೆ. ನೀಲಗಿರಿ ಎಲೆಯ ಮೇಲೆ ಮೇಣದಂಥ ದಪ್ಪ ಪದರವಿದೆ. ಶಿಲೀಂಧ್ರದ ಎಳೆಗಳು ಅದನ್ನು ತೂರಲಾರದೆ, ಎಲೆ ಉಸಿರಾಡುವ ಸಣ್ಣ ರಂಧ್ರಗಳನ್ನು ಹುಡುಕಿಕೊಂಡು ಒಳಗೆ ಹೋಗಬೇಕಾಗುತ್ತದೆ. ಎಲೆಯೊಳಗೆ ಎಣ್ಣೆಯ ಪುಟ್ಟ ಚೀಲಗಳಿವೆ. ಶೀತಕ್ಕೆ ನಾವು ಮೂಗಿಗೆ ಹಚ್ಚಿಕೊಳ್ಳುವ ಎಣ್ಣೆ ಅದೇ. ಐದು ವಾರ ನೀರಿನಲ್ಲಿ ನೆನೆದ ಮೇಲೂ ಆ ಚೀಲಗಳು ಒಡೆಯದೆ ಹಾಗೆಯೇ ಇದ್ದವಂತೆ! ಜೊತೆಗೆ ಚೊಗರಿನ ಅಂಶ. ನೀಲಗಿರಿಯ ಎಣ್ಣೆಯನ್ನು ತೆಗೆದು, ಹುಳುಗಳಿಗೆ ಪ್ರಿಯವಾದ ಆಲ್ಡರ್ ಎಲೆಗೆ ಸೇರಿಸಿ ಕೊಟ್ಟಾಗ ಅದನ್ನೂ ಅವು ಕಡಿಮೆ ತಿಂದವು. 1999ರಲ್ಲಿ ಪ್ರಕಟವಾದ ಕೆಲಸ ಇದು. ಕಫಕ್ಕೆ ಔಷಧಿಯಾದದ್ದು ಹುಳುವಿನ ತಟ್ಟೆಯಲ್ಲಿ ಔಷಧಿಯಾಗಿ ಉಳಿಯುವುದಿಲ್ಲ.

ಹೊತ್ತಿನ ಪ್ರಶ್ನೆಯೂ ಇದೆ. ಅಲ್ಲಿನ ಮರಗಳು ಚಳಿಗಾಲಕ್ಕೆ ಮುಂಚೆ ಒಮ್ಮೆಲೇ ಎಲೆ ಉದುರಿಸುತ್ತವೆ. ಹುಳುಗಳ ಹುಟ್ಟು, ಬೆಳವಣಿಗೆ ಆ ಸುಗ್ಗಿಗೆ ಹೊಂದಿಕೊಂಡಿವೆ. ನೀಲಗಿರಿ ಹೆಚ್ಚಾಗಿ ಎಲೆ ಉದುರಿಸುವುದು ಬೇಸಿಗೆಯಲ್ಲಿ, ತೊರೆಯಲ್ಲಿ ನೀರೇ ಕಡಿಮೆಯಿರುವಾಗ. ಅತಿಥಿಗಳೆಲ್ಲ ಹೊರಟುಹೋದ ಮೇಲೆ ಅಡುಗೆ ಬಡಿಸಿದಂತೆ. ನೀಲಗಿರಿ ತೋಪಿನ ತೊರೆಗಳಲ್ಲಿ ಕೀಟಗಳ ಸಂಖ್ಯೆ, ಬಗೆ ಎರಡೂ ಕಡಿಮೆ ಎಂದು 1996ರಲ್ಲೂ, ಶಿಲೀಂಧ್ರಗಳ ಬಗೆ ಕಡಿಮೆ ಎಂದು 2002ರಲ್ಲೂ ಅದೇ ಕೊಯಿಂಬ್ರಾದ ಸಂಶೋಧಕರು ಬರೆದರು. ಹಲವು ದೇಶಗಳ ತೊರೆಗಳನ್ನು ಒಟ್ಟಿಗೆ ನೋಡಿದ 2019ರ ಅಧ್ಯಯನವೂ ಸ್ವಲ್ಪ ಹೀಗೇ ಹೇಳುತ್ತದೆ: ಸೂಕ್ಷ್ಮಜೀವಿಗಳಷ್ಟೇ ಕೆಲಸ ಮಾಡುವಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಹುಳುಗಳೂ ಸೇರಿ ಮಾಡಬೇಕಾದಲ್ಲಿ ಎಲೆ ಕರಗುವುದು ತಡವಾಗುತ್ತದೆ. ಅಂದರೆ ಪೆಟ್ಟು ಬೀಳುವುದು ಮುಖ್ಯವಾಗಿ ಹುಳುಗಳಿಗೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನೀಲಗಿರಿ ಕೆಟ್ಟ ಮರವಲ್ಲ. ಅದರ ತವರು ಆಸ್ಟ್ರೇಲಿಯಾದಲ್ಲಿ ಹಳ್ಳಗಳಿಗೆ ಬೀಳುವುದು ಅದೇ ಎಲೆ, ಅದನ್ನೇ ತಿಂದು ಬದುಕುವ ಹುಳುಗಳು ಅಲ್ಲಿವೆ. ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿದವರು ಒಬ್ಬರ ಅಡುಗೆಗೆ ಇನ್ನೊಬ್ಬರು ಒಗ್ಗಿಕೊಂಡಿದ್ದಾರೆ. ಹಾಗೆಯೇ ನಮ್ಮ ಕಾಡಿನ ಎಲೆಗಳೆಲ್ಲ ಮೃದು ಎಂದೂ ಅಲ್ಲ. ತೊಗಲಿನಂತೆ ಬಿರುಸಾದ, ಚೊಗರು ತುಂಬಿದ ಎಲೆಗಳು ಶೋಲಾ ಕಾಡಿನಲ್ಲೂ ಬೇಕಾದಷ್ಟಿವೆ. ಆದರೆ ಹತ್ತಾರು ಜಾತಿಯ ಮರಗಳಿರುವಲ್ಲಿ ಒಂದಲ್ಲ ಒಂದು ಎಲೆ ಬೇಗ ಹದವಾಗುತ್ತದೆ, ಇನ್ನೊಂದು ನಿಧಾನವಾಗಿ. ಬುತ್ತಿ ಮುಗಿಯುವುದಿಲ್ಲ. ಒಂದೇ ಮರದ ತೋಪಿನಲ್ಲಿ ಆ ಸೌಲಭ್ಯವಿಲ್ಲ. ಹೊಸೂರು, ತಾಳವಾಡಿ ಕಡೆ ರೇಷ್ಮೆ ಸಾಕುವ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹಿಪ್ಪುನೇರಳೆ ಸೊಪ್ಪು ಸಿಗದ ದಿನ ಯಾವುದೋ ಹಸಿರು ಸೊಪ್ಪು ತಟ್ಟೆಗೆ ಹಾಕಿದರೆ ಏನಾಗುತ್ತದೆ ಎಂದು ಅವರನ್ನೇ ಕೇಳಿ. ಹಳ್ಳದ ಹುಳುಗಳು ರೇಷ್ಮೆ ಹುಳುವಿನಷ್ಟು ಹಟಮಾರಿಗಳಲ್ಲ, ನಿಜ. ಆದರೂ ಅವಕ್ಕೂ ನಾಲಿಗೆ, ಹೊಟ್ಟೆ ಇದೆ.

ಕನ್ನಡದಲ್ಲಿ ನಾವು ಈ ಮರಕ್ಕೆ ನೀಲಗಿರಿ ಎಂದೇ ಹೆಸರಿಟ್ಟುಬಿಟ್ಟಿದ್ದೇವೆ. ಹಾಗಾಗಿ ಇದು ಈ ಬೆಟ್ಟದ್ದೇ ಮಗು ಎಂದು ಮಕ್ಕಳು ಮಾತ್ರವಲ್ಲ, ನಾವೂ ಬಹುಕಾಲ ನಂಬಿದ್ದೆವು. ಮೈಸೂರು ಸೀಮೆಗೆ ಇದು ಬಂದದ್ದು 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟಕ್ಕೆ. ನೀಲಗಿರಿ ಬೆಟ್ಟಕ್ಕೆ ತಂದದ್ದು 1843ರಲ್ಲಿ. ಬಿಳಿಯರು ಊಟಿಯಲ್ಲಿ ಮನೆ ಕಟ್ಟಿಕೊಂಡ ಮೇಲೆ ಚಳಿ ಕಾಯಿಸಲು ಶೋಲಾ ಮರಗಳನ್ನು ಕಡಿದು ಉರಿಸಿದರು. ಸೌದೆಗೆ ಬರ ಬಂದಾಗ ಬೇಗ ಬೆಳೆಯುವ ಮರ ಬೇಕಾಯಿತು. 1850ರ ದಶಕದಿಂದ ತೋಪುಗಳೇ ಎದ್ದವು. ಚರ್ಮ ಹದ ಮಾಡುವ ಚೊಗರಿಗಾಗಿ ವ್ಯಾಟಲ್ ಮರ, ಮುಂದೆ ರೇಯಾನ್ ನೂಲಿಗಾಗಿ ಇನ್ನಷ್ಟು ನೀಲಗಿರಿ. ಶೋಲಾ ಮತ್ತು ಹುಲ್ಲುಗಾವಲು ಕಿರಿದಾದವು.

ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತಮಿಳುನಾಡು 2022ರಲ್ಲಿ ಹೊರಗಿನಿಂದ ಬಂದು ಹಬ್ಬುವ ಸಸ್ಯಗಳ ಬಗ್ಗೆ ಒಂದು ನೀತಿಯನ್ನೇ ತಂದಿತು. ಇಂಥ ಚರ್ಚೆಗಳಲ್ಲಿ ಬೋರ್‌ವೆಲ್ಲಿನ ಮಾತು, ಅಂತರ್ಜಲದ ಮಾತು ಕೇಳುತ್ತೇವೆ. ಹಳ್ಳದಲ್ಲಿ ನೀರಿದ್ದೂ ಊಟವಿಲ್ಲದಿರಬಹುದು ಎಂಬ ಮಾತನ್ನು ನಾವಂತೂ ಯಾರ ಬಾಯಲ್ಲೂ ಕೇಳಿರಲಿಲ್ಲ. ಆದರೆ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಇದರ ಹತ್ತಿರಕ್ಕೇ ಬಂದಿದ್ದಾರೆ. 34ನೇ ಪರಿಚ್ಛೇದದಲ್ಲಿ ಶಿಲೀಂಧ್ರ, ಪಾಚಿ, ಹುಳು, ಕೀಟಗಳಿಲ್ಲದೆ ಸೃಷ್ಟಿಯ ವ್ಯವಸ್ಥೆ ನಡೆಯದು ಎಂಬುದನ್ನು ನೆನಪಿಸುತ್ತಾರೆ; 39ರಲ್ಲಿ ಕಾಡು ಕಡಿದು ಒಂದೇ ಜಾತಿಯ ಮರ ನೆಡುವುದರ ನಷ್ಟವನ್ನು ನಾವು ಸರಿಯಾಗಿ ಲೆಕ್ಕ ಹಾಕುವುದಿಲ್ಲ ಎನ್ನುತ್ತಾರೆ. ನಾವು ಈ ಪರಿಪತ್ರದ ಮೇಲೆ ಎಷ್ಟೋ ಪ್ರಬೋಧನೆ ಕೊಟ್ಟಿದ್ದೇವೆ. ಆ ಎರಡು ಪರಿಚ್ಛೇದಗಳನ್ನು ನಮ್ಮ ಹಿತ್ತಲಿಗೆ ಜೋಡಿಸಿ ನೋಡಿರಲಿಲ್ಲ.

ಅಧ್ಯಾಪಕರು ಒಂದು ಉಪಾಯ ಹೇಳಿಕೊಟ್ಟರು. ವಿಜ್ಞಾನಿಗಳು ಎಲೆಗಳನ್ನು ಬಲೆಯ ಚೀಲದಲ್ಲಿ ಹಾಕಿ ತೊರೆಯಲ್ಲಿ ಕಟ್ಟಿಬಿಡುತ್ತಾರೆ. ದೊಡ್ಡ ಕಣ್ಣಿನ ಬಲೆಯೊಳಗೆ ಹುಳುಗಳು ಹೋಗಬಲ್ಲವು, ಸಣ್ಣ ಕಣ್ಣಿನ ಬಲೆಯೊಳಗೆ ಶಿಲೀಂಧ್ರ ಮಾತ್ರ. ನಮ್ಮ ಮಕ್ಕಳು ಈರುಳ್ಳಿ ಚೀಲವನ್ನೂ ಹಳೆಯ ಸೊಳ್ಳೆಪರದೆಯನ್ನೂ ತಂದರು. ಒಂದೊಂದು ಜೊತೆಗೆ ಹೊಂಗೆ ಎಲೆ, ಇನ್ನೊಂದು ಜೊತೆಗೆ ನೀಲಗಿರಿ ಎಲೆ, ಎಲ್ಲ ಒಣಗಿ ಉದುರಿದವು, ಎಣಿಸಿ ಹಾಕಿ ಬೇರಿಗೆ ಬಿಗಿದರು. ಐದು ವಾರದ ನಂತರ ಬಿಚ್ಚಿದಾಗ ಈರುಳ್ಳಿ ಚೀಲದ ಹೊಂಗೆ ಎಲೆಯಲ್ಲಿ ನರಗಳಷ್ಟೇ ಉಳಿದಿದ್ದವು, ಕಸೂತಿ ಹಾಕಿದ ಬಟ್ಟೆಯಂತೆ. ಸೊಳ್ಳೆಪರದೆಯೊಳಗಿನ ಹೊಂಗೆ ಕಪ್ಪಾಗಿ ಮೆತ್ತಗಾಗಿತ್ತು, ಎಲೆಯ ಆಕಾರ ಹಾಗೇ ಇತ್ತು. ನೀಲಗಿರಿಯ ಎರಡೂ ಚೀಲಗಳಲ್ಲಿ ಎಲೆ ಹೆಚ್ಚುಕಡಿಮೆ ಇಡೀಯಾಗಿಯೇ ಇತ್ತು. ಒಬ್ಬ ಹುಡುಗ ಒಂದನ್ನು ಮುರಿದು ಮೂಸಿದ. "ಇನ್ನೂ ವಾಸನೆ ಇದೆ ಸ್ವಾಮಿ!" ಇದನ್ನು ಸಂಶೋಧನೆ ಎಂದು ಕರೆಯುವ ಧೈರ್ಯ ನಮಗಿಲ್ಲ. ನಾಲ್ಕು ಚೀಲದ ಆಟ ಅಷ್ಟೇ. ಆದರೆ ಮಕ್ಕಳ ಕಣ್ಣಿಗೆ ಕಂಡದ್ದನ್ನು ಅಲ್ಲಗಳೆಯುವ ಧೈರ್ಯವೂ ನಮಗಿರಲಿಲ್ಲ.

ವಿಷಯ ಪಾಲನಾ ಸಮಿತಿಗೆ ಬಂತು. ಅಲ್ಲಿ ಮಾತು ಸುಲಭವಾಗಿರಲಿಲ್ಲ. ಹಳ್ಳದಲ್ಲಿ ಹಿಂದೆ ಏಡಿ ಸಿಗುತ್ತಿತ್ತು, ಈಗಿಲ್ಲ ಎಂದರು ಒಬ್ಬ ತಾಯಿ. ಅದಕ್ಕೆಲ್ಲ ನೀಲಗಿರಿಯೇ ಕಾರಣ ಎನ್ನಲಾರೆವು. ಮೇಲಿನ ತೋಟಗಳ ಔಷಧಿ, ಮರಳು ತೆಗೆಯುವುದು, ನಾವೇ ಎಸೆಯುವ ಪ್ಲಾಸ್ಟಿಕ್, ಎಲ್ಲದಕ್ಕೂ ಪಾಲಿದೆ. ಇನ್ನೊಬ್ಬರು, ಗಳ ಮಾರಿದ ಹಣ ಶಾಲೆಯ ಮಾಡಿಗೆ ಎಂದು ಗೊತ್ತುಮಾಡಿದ್ದೇವಲ್ಲ, ಮತ್ತೆ ಮತ್ತೆ ಚಿಗುರಿ ಬರುವ ಆದಾಯವನ್ನು ಹುಳುವಿಗಾಗಿ ಬಿಡುವುದೇ ಎಂದರು. ನ್ಯಾಯವಾದ ಪ್ರಶ್ನೆ. ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದರು. ಪ್ರಾಯದಲ್ಲಿ ಊಟಿ ಕಡೆ ನೀಲಗಿರಿ ಎಣ್ಣೆ ಭಟ್ಟಿಯಲ್ಲಿ ಸೊಪ್ಪು ಕಾಯಿಸಿದವರು.

"ಸ್ವಾಮಿ, ಆ ಸೊಪ್ಪಿನಿಂದಲೇ ನನ್ನ ಮೂರು ಮಕ್ಕಳು ಓದಿದ್ದು. ಅದನ್ನು ಬೈಬೇಡಿ" ಎಂದರು. ನಾವು ತಲೆ ತಗ್ಗಿಸಿದೆವು. ಅವರು ಮುಂದುವರಿಸಿದರು: "ಆದರೆ ಭಟ್ಟಿಯಲ್ಲಿ ಎಣ್ಣೆ ತೆಗೆದ ನೀರನ್ನು ನಾವು ಯಾವತ್ತೂ ಹಳ್ಳಕ್ಕೆ ಬಿಡ್ತಿರಲಿಲ್ಲ. ಮೀನು ಸಾಯ್ತಾವೆ ಅಂತ ನಮ್ಮಪ್ಪ ಹೇಳೋರು. ಎಲೆ ಬಿದ್ದರೆ ಏನಾಗುತ್ತೆ ಅಂತ ಯಾರೂ ಯೋಚನೆ ಮಾಡಲಿಲ್ಲ."

ಪೋರ್ಚುಗಲ್ ಮತ್ತು ಸ್ಪೇನ್‌ನ ಅನುಭವದಲ್ಲಿ ನಮಗೆ ಉಪಯೋಗವಾದ ಅಂಶವೊಂದಿತ್ತು. ತೋಪು ಹಾಗೆಯೇ ಇದ್ದರೂ, ನೀರಿನ ಎರಡೂ ದಡದಲ್ಲಿ ಊರಿನ ಮರಗಳ ಪಟ್ಟಿಯೊಂದನ್ನು ಉಳಿಸಿಕೊಂಡರೆ ತೊರೆಗೆ ಆಗುವ ಹಾನಿ ಎಷ್ಟೋ ಕಡಿಮೆಯಾಗುತ್ತದೆ. ಎಲ್ಲವನ್ನೂ ಒಮ್ಮೆಲೇ ಕಡಿಯುವುದೂ ಬುದ್ಧಿವಂತಿಕೆಯಲ್ಲ. ನೆರಳು ಹೋಗಿ ನೀರು ಕಾಯುತ್ತದೆ, ದಡ ಕುಸಿಯುತ್ತದೆ, ನೀಲಗಿರಿಯ ಬುಡ ಬೇರೆ ಮತ್ತೆ ಚಿಗುರುತ್ತದೆ. ಹಾಗಾಗಿ ನೀರಿಗೆ ಹತ್ತಿರದ ಸಾಲನ್ನು ಮಾತ್ರ, ಒಂದು ವರ್ಷ ಒಂದರಂತೆ ಮೂರು ಕಂತಿನಲ್ಲಿ ತೆಗೆಯುವುದೆಂದು ತೀರ್ಮಾನವಾಯಿತು. ಒಳಗಿನ ಸಾಲು ಶಾಲೆಯ ಮಾಡಿಗಾಗಿ ನಿಲ್ಲುತ್ತದೆ. ಮಾಡು ಒಂದು ವರ್ಷ ತಡವಾಗಬಹುದು. ಇದನ್ನು ಒಪ್ಪದ ಇಬ್ಬರು ಸದಸ್ಯರು ಈಗಲೂ ಒಪ್ಪಿಲ್ಲ; ಆದರೂ ಮೊದಲ ಕಂತಿನ ಮರ ಇಳಿಸುವ ದಿನ ಹಗ್ಗ ಹಿಡಿಯಲು ಬಂದರು.

ತೆರವಾದ ಜಾಗದಲ್ಲಿ ಹೊಂಗೆ, ಹೊಳೆಮತ್ತಿ, ಅತ್ತಿ, ನೇರಳೆ ಸಸಿಗಳನ್ನು ಬೆರೆಸಿ ನೆಟ್ಟಿದ್ದೇವೆ. ಹೊಳೆಮತ್ತಿಯ ಬೀಜ ತಂದು ಮೊಳೆಸಿದವರು ಎಣ್ಣೆ ಭಟ್ಟಿಯ ಆ ಹಿರಿಯರೇ. ದನ ಮೇಯದಂತೆ ಬೇಲಿ ಹಾಕಬೇಕಾಗಿದೆ, ಅದಕ್ಕೆ ಬೇಕಾದ ಗಳ ಮಾತ್ರ ನೀಲಗಿರಿಯದೇ. 'ಎಲೆ ನಡೀತಾ ಇದೆ' ಎಂದ ಹುಡುಗಿ ಪ್ರತಿ ಭಾನುವಾರ ಪೂಜೆ ಮುಗಿದ ಕೂಡಲೇ ಹಳ್ಳಕ್ಕೆ ಓಡುತ್ತಾಳೆ. ಕೆಳಗಿನ ಭಾಗದಲ್ಲಿ ಇನ್ನೂ ಒಂದೂ ಕಂಡಿಲ್ಲವಂತೆ. ಸಸಿಗಳು ಇನ್ನೂ ಅವಳ ಮೊಣಕಾಲಿನಷ್ಟೇ ಎತ್ತರ ಇವೆ.